ತೇಪೆ ಹಾಕಿದ ಸವಾರಿ ಪ್ಯಾಂಟು

ಪೂರ್ಣಿಮಾ ತನ್ನ ಗಂಡನ ಪ್ಯಾಂಟನ್ನು ಮನೆಯ ಒಳಗೆ ಒಣಹಾಕಿದ್ದರೆ ನೆರೆಮನೆಯ ಪುಂಡಲೀಕನ ಮಾನ ಉಳಿಯುತ್ತಿತ್ತು. ಆದರೆ ಆ ಎರಡನೇ ಶನಿವಾರ ಅಂಕೋಲೆಯಲ್ಲಿ ಮೇ ತಿಂಗಳ ಬಿಸಿಲು ಬೆಳಿಗ್ಗೆಯೇ ಕಾಯತೊಡಗಿತ್ತು. ಅವಳು ಅದನ್ನು ಅಂಗಳದ ತಂತಿಗೆ ನೇತುಹಾಕಿದಳು. ತಂತಿಯ ಒಂದು ತುದಿ ಅವಳ ಮನೆಯ ಕಂಬಕ್ಕೆ, ಇನ್ನೊಂದು ತುದಿ ಪುಂಡಲೀಕನ ತೆಂಗಿನ ಮರಕ್ಕೆ ಬಿಗಿದಿತ್ತು. ಹೀಗಾಗಿ ಆ ಮನೆಯ ಬಟ್ಟೆಗಳನ್ನು ತಪಾಸಣೆ ಮಾಡುವ ಹಕ್ಕು ತನಗೆ ಮರದ ಮೂಲಕ ಬಂದಿದೆ ಎಂದು ಪುಂಡಲೀಕ ನಂಬಿದ್ದ.

ಹಲ್ಲುಜ್ಜುತ್ತ ನಿಂತವನ ಕಣ್ಣು ಆ ಪ್ಯಾಂಟಿನ ಮೇಲೆ ಬಿತ್ತು. ಕೂರುವ ಜಾಗದಲ್ಲಿ ಅಗಲವಾದ ಕಂದು ತೇಪೆ. ತೊಡೆಯ ಒಳಬದಿಗೆ ಇನ್ನೆರಡು. ಪುಂಡಲೀಕನಿಗೆ ಲಾಟರಿ ಹೊಡೆದಷ್ಟು ಸಂತೋಷವಾಯಿತು.

ಕಾರಣವಿತ್ತು. ಪೂರ್ಣಿಮಾಳ ಗಂಡ ರವಿಕಿರಣ ಮತ್ತು ಪುಂಡಲೀಕ ಇಬ್ಬರೂ ಕಾರವಾರದ ಅರಣ್ಯ ಕಚೇರಿಯಲ್ಲಿ ಗುಮಾಸ್ತರು. ಇಬ್ಬರೂ ಒಂದೇ ಬಸ್ಸಿಗೆ ಓಡುವವರು, ಸಮುದ್ರದ ಬದಿಯ ಒಂದೇ ಕಿಟಕಿ ಸೀಟಿಗಾಗಿ ಮೊಣಕೈಯಲ್ಲಿ ತಿವಿದಾಡುವವರು. ನೌಕಾನೆಲೆಯ ಗೋಡೆ ಎದ್ದ ಮೇಲೆ ಆ ಕಿಟಕಿಯಿಂದ ಸಮುದ್ರ ಕಾಣುವುದು ನಿಂತುಹೋಗಿ ಬಹಳ ಕಾಲವಾಗಿತ್ತು. ತಿವಿದಾಟ ಮಾತ್ರ ನಿಂತಿರಲಿಲ್ಲ. ಈಗ ಅಂಕೋಲೆಯ ಕಚೇರಿಯಲ್ಲಿ ಗುಮಾಸ್ತನ ಕುರ್ಚಿಯೊಂದು ಖಾಲಿಯಾಗಿತ್ತು. ಮನೆಯಿಂದ ನಡೆದೇ ಹೋಗಬಹುದು, ಮಧ್ಯಾಹ್ನ ಬಿಸಿ ಮೀನುಸಾರಿಗೆ ಮನೆಗೇ ಬರಬಹುದು. ಅದು ಯಾರಿಗೆಂದು ಹೇಳಬೇಕಾದವರು ಹೊಸದಾಗಿ ಬಂದ ಸಾಹೇಬರು. ಸಾಹೇಬರಿಗೆ ಕುದುರೆಯ ಹುಚ್ಚು, ದಿನಾ ಸಂಜೆ ಕಾರವಾರದ ದಂಡೆಯಲ್ಲಿ ಮಾದೇವನ ಬಾಡಿಗೆ ಕುದುರೆ ಹತ್ತುತ್ತಾರೆ ಎಂದು ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಪುಂಡಲೀಕ ನೋಡಿರಲಿಲ್ಲ. ಸಂಜೆಯಾದರೆ ಅವನಿಗೆ ಬಸ್ಸೊಂದೇ ಕಾಣುತ್ತಿತ್ತು.

ಅವನು ಬಾಯಲ್ಲಿದ್ದ ನೊರೆ ಉಗುಳಿ, ನಾಲ್ಕು ಮನೆಗೆ ಕೇಳುವಂತೆ ಕೂಗಿದ. "ಎಂತದೇ ತಂಗೀ, ರವಿಗೆ ಈ ತಿಂಗಳ ಪಗಾರ ಆಗ್ಲಿಲ್ವಾ? ಪ್ಯಾಂಟಿಗೂ ತೇಪೆ ಹಾಕ್ಕಂಡು ತಿರಗ್ತಾ?"

ಬಾವಿಕಟ್ಟೆಯ ಹೆಂಗಸರು ಕೊಡ ಕೆಳಗಿಟ್ಟು ತಿರುಗಿದರು. ಪೂರ್ಣಿಮಾಳ ಮುಖ ಒಂದು ಕ್ಷಣ ಬಾಡಿತು. ಮರುಕ್ಷಣ ಅವಳು ಸೆರಗು ಸರಿಮಾಡಿಕೊಂಡು ನಕ್ಕಳು.

"ಅಯ್ಯೋ ಭಾವಾ, ನಿಮಗೆ ಗೊತ್ತಿಲ್ಲಾ? ಅದು ಕುದ್ರೆ ಸವಾರಿ ಪ್ಯಾಂಟು. ಚರ್ಮದ ತೇಪೆ ಇಲ್ದಿದ್ರೆ ತೊಡೆ ಉಳೀತದ್ಯಾ? ಸಾಹೇಬ್ರ ಸಂಗ್ತಿ ಸವಾರಿ ಮಾಡೂಕೆ ಗೋವೆಯಿಂದ ತಂದದ್ದು. ಇವತ್ತು ಸಂಜಿಗೂ ಹೋಗ್ತ್ರು."

ಪುಂಡಲೀಕನ ಬಾಯಲ್ಲಿ ಉಳಿದ ನೊರೆ ಗಂಟಲಿಗಿಳಿಯಿತು. ಅಷ್ಟು ಹೊತ್ತು ದರಿದ್ರವಾಗಿ ಕಂಡ ತೇಪೆಗಳು ಈಗ ಮೂರು ಪದಕಗಳಂತೆ ಹೊಳೆದವು. ಬಡವನ ಬಟ್ಟೆಯ ಮೇಲಿದ್ದರೆ ನಾಚಿಕೆ, ಸಾಹೇಬನ ಬಟ್ಟೆಯ ಮೇಲಿದ್ದರೆ ಅಂತಸ್ತು. ಬಟ್ಟೆ ಅದೇ, ದಾರ ಅದೇ. ಈ ಅನ್ಯಾಯ ಪುಂಡಲೀಕನಿಗೆ ಹೊಳೆಯಲಿಲ್ಲ. ಅಂಥ ತೇಪೆ ತನಗಿಲ್ಲವಲ್ಲ ಎಂಬುದಷ್ಟೇ ಅವನ ಹೊಟ್ಟೆಯಲ್ಲಿ ಹಸಿಮೆಣಸಿನ ಹಾಗೆ ಉರಿಯಿತು.

"ಎಲ್ಲಿ ಹೊರಟ್ರಿ? ಚಾ ಕುಡ್ಕಂಡು ಹೋಗ್ರಿ," ಎಂದು ಹೆಂಡತಿ ಮಂದಾಕಿನಿ ಕರೆಯುವಷ್ಟರಲ್ಲಿ ಅವನು ಕಾರವಾರದ ಬಸ್ಸಿನಲ್ಲಿದ್ದ.

ಕಾರವಾರದ ದತ್ತಾನ ಬಟ್ಟೆ ಅಂಗಡಿ ಮದುವೆಯ ಗಿರಾಕಿಗಳಿಂದ ತುಂಬಿತ್ತು. ಕುದುರೆ ಹತ್ತುವುದಕ್ಕೆ ಬಟ್ಟೆ ಬೇಕು ಎಂದು ಪುಂಡಲೀಕ ಪಿಸುದನಿಯಲ್ಲಿ ಹೇಳಿದ. ದತ್ತಾ ತನ್ನ ಇಡೀ ಅಂಗಡಿಗೆ ಕೇಳುವ ದನಿಯಲ್ಲಿ, ಮದುಮಗ ಯಾರು ಎಂದು ವಿಚಾರಿಸಿದ. ತಾನೇ ಎಂದು ಪುಂಡಲೀಕ ಹೇಳಿದ್ದೇ ತಪ್ಪಾಯಿತು. ಚಿತ್ತಾಕುಲ ಊರಿನಿಂದ ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳು ಅವನ ನರೆತ ಕಿವಿಗೂದಲನ್ನು ನೋಡಿ, "ಎರಡ್ನೇದಾ ಮಗಾ?" ಎಂದು ಕನಿಕರದಿಂದ ಕೇಳಿದಳು.

ದತ್ತಾ ಮೊದಲು ಜರಿಯ ಶೇರ್ವಾನಿ ತೆಗೆದ. ಅದಲ್ಲ ಎಂದಾಗ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟು ತೆಗೆದ. ಅದೂ ಅಲ್ಲವೆಂದಾಗ ಖಾಕಿ ಬಟ್ಟೆಯ ಥಾನು ಬಿಚ್ಚಿ, ಪೊಲೀಸರಲ್ಲೂ ಕುದುರೆಯವರು ಇದ್ದಾರೆ ಎಂದು ತಿಳಿಸಿದ. ಕೊನೆಗೆ ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರು ಪುಂಡಲೀಕನ ಕಣ್ಣಿಗೆ ಬಿತ್ತು. ಯಾವುದೋ ಮಹಾರಾಜ ಕುದುರೆಯ ಮೇಲಿದ್ದಾನೆ, ಬಿಳಿ ಪ್ಯಾಂಟು ಕಾಲಿಗೆ ಬಿಗಿದುಕೊಂಡಿದೆ, ತೊಡೆಯ ಒಳಬದಿಗೆ ಕಂದು ಚರ್ಮದ ತೇಪೆ. ಪೂರ್ಣಿಮಾ ಹೇಳಿದ್ದು ಸುಳ್ಳಲ್ಲ. ಪುಂಡಲೀಕನ ಉರಿಗೆ ಮಹಾರಾಜನೇ ಎಣ್ಣೆ ಸುರಿದ.

ಅಂಥದ್ದು ಕಾರವಾರದಲ್ಲಿ ಸಿಗುವುದಿಲ್ಲ ಎಂದ ದತ್ತಾ ಕ್ರಿಕೆಟ್ ಆಡುವವರ ಬಿಳಿ ಪ್ಯಾಂಟುಗಳ ರಾಶಿ ಸುರಿದ. ಪುಂಡಲೀಕ ಒಂದೊಂದನ್ನೇ ತೊಟ್ಟು ನೋಡಿದ. ಒಂದರಲ್ಲಿ ಕಾಲು ಎತ್ತಲಾಗದು, ಇನ್ನೊಂದರಲ್ಲಿ ಉಸಿರು ಬಿಡಲಾಗದು. "ಹತ್ತಿ ನೋಡಿಯೇ ತಕಳಿ ಮಾರಾಯ್ರೆ, ಆಮೇಲೆ ವಾಪಸ್ ತಕಳೂದಿಲ್ಲ ನಾನು," ಎಂದ ದತ್ತಾ, ಚಾದರಗಳ ಗಂಟೊಂದನ್ನು ಅಂಗಡಿಯ ನಡುವೆ ಎಳೆದಿಟ್ಟ. ಪುಂಡಲೀಕ ಅದರ ಮೇಲೆ ಕಾಲು ಅಗಲಿಸಿ ಕುಳಿತು ಎರಡು ಬಾರಿ ಎಗರಿದ. ಹೆಂಗಸರು ಸೀರೆ ಆರಿಸುವುದನ್ನು ಬಿಟ್ಟು ನೋಡಿದರು. ಎಗರಿದರೂ ಹರಿಯದ, ಸ್ವಲ್ಪ ದೊಗಳೆಯ ಪ್ಯಾಂಟೊಂದನ್ನು ಅವನು ಕಟ್ಟಿಸಿಕೊಂಡು ಮರಳಿ ಅಂಕೋಲೆಯ ಬಸ್ಸು ಹಿಡಿದ. ಇನ್ನು ಉಳಿದದ್ದು ತೇಪೆ.

ಅಂಕೋಲೆಯ ದರ್ಜಿ ಹುಲಿಯಾ ಬಿಳಿ ಪ್ಯಾಂಟನ್ನು ಬೆಳಕಿಗೆ ಹಿಡಿದು ತೂತು ಹುಡುಕಿದ. ಸಿಗಲಿಲ್ಲ. ಹರಿಯದ ಬಟ್ಟೆಗೆ ತೇಪೆ ಹಾಕಿಸುವವರನ್ನು ತಾನು ಕಂಡಿಲ್ಲ ಎಂದ. ಆದರೂ ಹೊಲಿಯಲು ಒಪ್ಪಿದ. ಚರ್ಮ ಮಾತ್ರ ತನ್ನ ಹತ್ತಿರವಿಲ್ಲ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಚಪ್ಪಲಿ ಹೊಲಿಯುವವನ ಬಳಿ ಒಳ್ಳೆಯ ತುಂಡು ಸಿಗುತ್ತದೆ, ತಂದುಕೊಟ್ಟರಾಯಿತು ಎಂದ.

ಪುಂಡಲೀಕ ಮೀನಿನ ಮುಳ್ಳು ಚುಚ್ಚಿದವನಂತೆ ಹಿಂದೆ ಸರಿದ. "ಎಂತಾ ಹೇಳ್ತೆ ನೀನು? ಸತ್ತ ದನದ ಚರ್ಮ, ಅವ ಮುಟ್ಟಿದ್ದು, ನನ್ನ ಮೈಗಾ?"

ಅವನ ಕಾಲಲ್ಲಿ ಅದೇ ಮನುಷ್ಯ ಹೊಲಿದ ಚಪ್ಪಲಿಗಳಿದ್ದವು. ಸೊಂಟದಲ್ಲಿ ಅಂಥದೇ ಚರ್ಮದ ಬೆಲ್ಟೂ ಇತ್ತು. ಅವನ ಮಡಿ ಈ ಎರಡರ ನಡುವಿನ ಜಾಗದಲ್ಲಿ ಮಾತ್ರ ವಾಸವಾಗಿತ್ತು. ಹುಲಿಯಾ ಆ ಚಪ್ಪಲಿಗಳನ್ನೂ ಬೆಲ್ಟನ್ನೂ ಸಾವಕಾಶವಾಗಿ ನೋಡಿ ಸೂಜಿಗೆ ದಾರ ಪೋಣಿಸಿದ.

ಶುದ್ಧವಾದ ಚರ್ಮ ಎಲ್ಲಿ ಸಿಗುತ್ತದೆಂದು ಯೋಚಿಸುತ್ತ ಮನೆಗೆ ಬಂದ ಪುಂಡಲೀಕನಿಗೆ ಅಟ್ಟದ ಮೇಲೆ ಉತ್ತರ ಸಿಕ್ಕಿತು. ಅಜ್ಜನ ಕಾಲದ ಎರಡು ಗುಮಟೆಗಳು. ಸುಗ್ಗಿ ಕುಣಿತದಲ್ಲಿ ಬಾರಿಸುವ ಮಣ್ಣಿನ ಗಡಿಗೆಗಳು ಅವು, ಬಾಯಿಗೆ ಚರ್ಮ ಬಿಗಿದಿರುತ್ತದೆ. ದೇವರ ಮುಂದೆ ನುಡಿದ ಚರ್ಮಕ್ಕಿಂತ ಮಡಿಯಾದದ್ದು ಇನ್ನೊಂದುಂಟೇ? ಮಂದಾಕಿನಿ ಏಣಿ ಹಿಡಿದು ಬೇಡವೆಂದು ಬೇಡಿಕೊಂಡಳು. "ಕುದ್ರೆ ಹತ್ತಿ ನೀವು ಎಲ್ಲಿ ಹೋಗೂದದೆ? ಗುಮಟೆ ಹಾಳು ಮಾಡಬೇಡ್ರಿ." ಪೂರ್ಣಿಮಾ ಇನ್ನು ಮುಂದೆ ಬಾವಿಕಟ್ಟೆಯಲ್ಲಿ ನಿನ್ನನ್ನು ನೋಡಿ ನಗುವುದು ಬೇಕೇ ಎಂದು ಅವನು ಕೇಳಿದ. ಮಂದಾಕಿನಿ ಏಣಿ ಬಿಟ್ಟು ಚಾಕು ತಂದುಕೊಟ್ಟಳು.

ಆ ಚರ್ಮ ಒಣಗಿ ಹಪ್ಪಳದಂತೆ ಬಿರುಸಾಗಿತ್ತು. ಹುಲಿಯಾನ ಮಿಷನ್ನಿನ ಸೂಜಿ ನಡುವೆ ಇಳಿಯಲಿಲ್ಲ, ಅಂಚಿಗೆ ಮಾತ್ರ ಕೈಹೊಲಿಗೆ ಬಿತ್ತು. ನಡುಭಾಗ ಉಬ್ಬಿಕೊಂಡೇ ಉಳಿಯಿತು. ತೊಟ್ಟು ನೋಡಿದರೆ ಹಿಂದಿನಿಂದ ಪುಂಡಲೀಕ ಆಮೆಯೊಂದನ್ನು ಕದ್ದು ಒಯ್ಯುತ್ತಿರುವಂತೆ ಕಾಣುತ್ತಿದ್ದ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಖಾಲಿಯಿತ್ತು. ಪುಂಡಲೀಕ ಕೂರಲಾಗದೆ ಕಂಬ ಹಿಡಿದು ನಿಂತ. ರಸ್ತೆಯ ಹಂಪು ಬಂದಾಗಲೆಲ್ಲ ಅವನ ಹಿಂಭಾಗ ಸೀಟಿನ ಸರಳಿಗೆ ಬಡಿದು ಢಿಂ ಎನ್ನುತ್ತಿತ್ತು. ಅಮದಳ್ಳಿಯಲ್ಲಿ ಹತ್ತಿದ ಮೀನುಗಾರ ಹೆಂಗಸರು, ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಬುಟ್ಟಿಯೊಂದನ್ನು ಉಳಿಸಿಕೊಂಡವರು, ಒಬ್ಬರ ಮುಖ ಒಬ್ಬರು ನೋಡಿದರು. "ಸುಗ್ಗಿ ಮುಗ್ದು ಎಷ್ಟು ದಿವಸ ಆಯ್ತು," ಎಂದಳು ಒಬ್ಬಳು, ಯಾರಿಗೂ ಅಲ್ಲದಂತೆ.

ಕಾರವಾರದ ದಂಡೆಯಲ್ಲಿ ಮಾದೇವ ತನ್ನ ಬಿಳಿ ಕುದುರೆ ರಾಣಿಯನ್ನು ಹಿಡಿದು ನಿಂತಿದ್ದ. ದಿನಾ ಪ್ರವಾಸಿಗರನ್ನು ಹೊತ್ತು, ಮದುವೆಯ ಕಾಲದಲ್ಲಿ ಮದುಮಗಂದಿರನ್ನು ಹೊತ್ತು, ರಾಣಿಗೆ ಮನುಷ್ಯಜಾತಿಯ ಮೇಲೆ ಯಾವ ಭ್ರಮೆಯೂ ಉಳಿದಿರಲಿಲ್ಲ. ಪಕ್ಕದಲ್ಲೇ ಸವಾರಿ ಮುಗಿಸಿ ಇಳಿದ ಸಾಹೇಬರು ಇದ್ದರು. ಮೈಮೇಲೆ ಬನಿಯನ್, ಅರ್ಧ ಚಡ್ಡಿ, ಕಾಲಿಗೆ ಕ್ಯಾನ್ವಾಸ್ ಬೂಟು. ತೇಪೆಯ ಸುಳಿವೇ ಇರಲಿಲ್ಲ. ಅವರ ಹಿಂದೆ ಬುಟ್ಟಿಯೊಂದನ್ನು ಹಿಡಿದು ಸಾದಾ ಪ್ಯಾಂಟಿನ ರವಿಕಿರಣ ನಿಂತಿದ್ದ. ಸವಾರಿ ಪ್ಯಾಂಟು ಇನ್ನೂ ತಂತಿಯ ಮೇಲಿದೆ, ಪಾಪ ಒಣಗಿಲ್ಲ, ಇವತ್ತಿನ ಮೈದಾನ ನನ್ನದೇ ಎಂದುಕೊಂಡ ಪುಂಡಲೀಕ, ಸಾಹೇಬರಿಗೆ ನಮಸ್ಕಾರ ಹೊಡೆದು, ಮಾದೇವ ಮತ್ತು ಕಡಲೆಕಾಯಿ ಮಾರುವವ ಇಬ್ಬರೂ ಸೇರಿ ಎತ್ತಿದ ಮೇಲೆ ರಾಣಿಯ ಬೆನ್ನೇರಿದ.

ರಾಣಿ ಒಂದು ಹೆಜ್ಜೆ ಇಟ್ಟಳು. ಜೀನಿನ ಮೇಲೆ ಗುಮಟೆ ಢಿಂ ಎಂದಿತು. ರಾಣಿಯ ಕಿವಿ ನೆಟ್ಟಗಾಯಿತು. ಇನ್ನೊಂದು ಹೆಜ್ಜೆ, ಇನ್ನೊಂದು ಢಿಂ. ವಾದ್ಯ ಶುರುವಾಯಿತೆಂದು ತಿಳಿದ ರಾಣಿ ಮದುವೆಯ ಮೆರವಣಿಗೆಯಲ್ಲಿ ಕಲಿತ ಕುಣಿತವನ್ನು ಆರಂಭಿಸಿದಳು. ಅವಳು ಕುಣಿದಂತೆ ಪುಂಡಲೀಕ ಎಗರಿದ, ಅವನು ಎಗರಿದಂತೆ ಗುಮಟೆ ನುಡಿಯಿತು, ಗುಮಟೆ ನುಡಿದಂತೆ ಅವಳು ಮತ್ತೂ ಕುಣಿದಳು. ನಿಲ್ಲಿಸುವ ದಾರಿ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಾಳಿಗೆ ಬಂದವರು ಸುತ್ತಲೂ ಸೇರಿದರು. ಹೆಣ್ಣಿನ ಕಡೆಯವರು ಎಲ್ಲಿ ಎಂದು ಯಾರೋ ಕೇಳಿದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ, ನಾಲಗೆ ಕಚ್ಚಿಕೊಂಡಿದ್ದ ಪುಂಡಲೀಕನಿಗೂ ಅಂಕೋಲೆಯ ಕುರ್ಚಿ ಕಣ್ಣೆದುರು ಬಂದು ನಿಂತಿತು.

ಮಾದೇವ ಅವನನ್ನು ಗೊನೆಯಂತೆ ಇಳಿಸಿದ. ಉತ್ತರದ ಕಡೆಯವರಾದ ಸಾಹೇಬರು ಪುಸ್ತಕದಿಂದ ಕನ್ನಡ ಕಲಿತವರು. "ಅತ್ಯುತ್ತಮ. ಇಂಥ ಸವಾರಿಯ ಉಡುಪನ್ನು ನಾನು ಎಲ್ಲಿಯೂ ಕಂಡಿಲ್ಲ," ಎಂದು ಬಗ್ಗಿ ತೇಪೆಯ ಮೇಲೆ ಬೆರಳಾಡಿಸಿದರು. "ಇದು ದನದ ಚರ್ಮವೇ?"

ರವಿಕಿರಣನ ಎದುರಿನಲ್ಲಿ ಬಂದ ಆ ಮಾತು ಪುಂಡಲೀಕನಿಗೆ ಅವಮಾನದಂತೆ ತಾಗಿತು.

"ಛೆ ಛೆ, ದನದ್ದೆಲ್ಲಾ ನಮ್ಮ ಮನೇಲಿ ಇಲ್ಲ ಸಾರ್. ಇದು ಅಸಲು ಉಡದ್ದು. ನಮ್ಮ ಅಜ್ಜನ ಗುಮಟೆಯದು."

ಸಾಹೇಬರ ಬೆರಳು ಅಲ್ಲೇ ನಿಂತಿತು. ರವಿಕಿರಣ ಕಣ್ಣು ಮುಚ್ಚಿಕೊಂಡ.

ಕಚೇರಿಯ ಗೇಟಿನ ಬಳಿ ದೊಡ್ಡ ಫಲಕವೊಂದಿತ್ತು. ಯಾವ ಕಾಡುಪ್ರಾಣಿಯ ಚರ್ಮ, ಕೊಂಬು, ಉಗುರು ಇಟ್ಟುಕೊಂಡರೂ ಜೈಲು ಎಂದು ಚಿತ್ರ ಸಮೇತ ಬರೆದದ್ದು. ಹುಲಿಯ ಪಕ್ಕದಲ್ಲೇ ಉಡದ ಚಿತ್ರವಿತ್ತು. ಪೇಂಟರನ ಹಿಂದೆ ನಿಂತು ಅದನ್ನು ಬರೆಸಿದವನು ಪುಂಡಲೀಕನೇ. ಉಡದ ಮುಖ ರವಿಕಿರಣನಂತೆ ಬಂದಿದೆ ಎಂದು ಖುಷಿಪಟ್ಟು ಅದನ್ನು ತಿದ್ದಿಸದೆ ಬಿಟ್ಟವನೂ ಅವನೇ. ಇದೆಲ್ಲ ಅವನಿಗೆ ಈಗ ನೆನಪಾಯಿತು.

ಸಾಹೇಬರು ಫೋನು ತೆಗೆದು ಗಾರ್ಡನ್ನು ಕರೆಸಿದರು. ಕತ್ತಲಾಗುವ ಮುಂಚೆ ದಂಡೆಯ ಮೇಲೆಯೇ ಪಂಚನಾಮೆಯಾಯಿತು. ಕಡಲೆಕಾಯಿಯವ ಒಬ್ಬ ಪಂಚ, ಮಾದೇವ ಇನ್ನೊಬ್ಬ. ಪ್ಯಾಂಟು ಜಪ್ತಿಯಾಯಿತು. ಮಾನ ಮುಚ್ಚಲು ಮಾದೇವ ತನ್ನ ಚೀಲದಿಂದ, ಮೆರವಣಿಗೆಯ ದಿನ ರಾಣಿಯ ಬೆನ್ನಿಗೆ ಹೊದಿಸುವ ಕೆಂಪು ಜರಿಯ ಹೊದಿಕೆಯನ್ನು ಕೊಟ್ಟ. ಪುಂಡಲೀಕ ಅದನ್ನು ಸೊಂಟಕ್ಕೆ ಸುತ್ತಿಕೊಂಡ. ಕುದುರೆಯ ಬಟ್ಟೆ ಕೊನೆಗೂ ಅವನಿಗೆ ಸರಿಯಾಗಿ ಒಪ್ಪಿತು.

ಆಮೇಲೆ ಸಾಹೇಬರು ಹೇಳಿದ್ದನ್ನು ಅವನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಚರ್ಮ ಇದ್ದದ್ದು ಅಂಕೋಲೆಯ ಮನೆಯಲ್ಲಿ, ಆದ್ದರಿಂದ ಪ್ರಕರಣ ಅಂಕೋಲೆಯದು. ಅಲ್ಲಿ ಗುಮಾಸ್ತರಿಲ್ಲ. ಕಡತ ನೋಡಿಕೊಳ್ಳಲು ಸೋಮವಾರದಿಂದಲೇ ರವಿಕಿರಣ ಅಲ್ಲಿಗೆ ಹೋಗತಕ್ಕದ್ದು. ಪುಂಡಲೀಕ ಸದ್ಯ ಕಾರವಾರದ ಕೆಲಸದಲ್ಲೇ ಇದ್ದು, ಕರೆದಾಗಲೆಲ್ಲ ವಿಚಾರಣೆಗೆ ಅಂಕೋಲೆಗೆ ಹಾಜರಾಗತಕ್ಕದ್ದು. ಇಷ್ಟು ಹೇಳಿ ಸಾಹೇಬರು ರವಿಕಿರಣ ಕೊಟ್ಟ ಬುಟ್ಟಿಯನ್ನು ಜೀಪಿನಲ್ಲಿ ಇಡಿಸಿದರು. ಬುಟ್ಟಿಯಲ್ಲಿ ಅಂಕೋಲೆಯ ಇಶಾಡು ಮಾವಿನಹಣ್ಣುಗಳಿದ್ದವು. ಉಡಕ್ಕೆ ಕಾನೂನಿದೆ, ಇಶಾಡಿಗೆ ಇಲ್ಲ.

ಮರಳುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಬಿಣಗಾ ದಾಟಿದ ಮೇಲೆ ರವಿಕಿರಣ ಮೆಲ್ಲಗೆ ಕೇಳಿದ.

"ಪುಂಡಲೀಕಣ್ಣಾ, ನಿಮಗೆ ಈ ಕುದ್ರೆ ಹುಚ್ಚು ಯಾರು ಹಿಡ್ಸಿದ್ರು?"

"ನಿನ್ನ ಪ್ಯಾಂಟು."

"ನನ್ನ ಪ್ಯಾಂಟಾ? ಅದು ಇದೇ ಬಸ್ಸಿನ ಮೊಳೆಗೆ ಸಿಕ್ಕಿ ಹರ್ದದ್ದು ಮಾರಾಯ್ರೆ. ಹಳೇ ರೆಕ್ಸಿನ್ ಚೀಲ ಕತ್ತರ್ಸಿ ಪೂರ್ಣಿಮಾ ತೇಪೆ ಹಾಕಿದ್ಲು. ಸಾಹೇಬ್ರಿಗೆ ಮಾವು ಕೊಡೂದು ಬಿಟ್ರೆ ನಾ ಮತ್ತೆಂತದಕ್ಕೂ ದಂಡೆಗೆ ಹೋದವನೇ ಅಲ್ಲ. ಕುದ್ರೆ ಕಂಡ್ರೆ ನನಗೆ ಹೆದರಿಕೆ."

ಪುಂಡಲೀಕ ಕೆಂಪು ಜರಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. ಹರಿದ ಪ್ಯಾಂಟಿಗೂ ತೇಪೆ ಹಾಕಿಕೊಡುವ ಹೆಂಡತಿ ಇವನಿಗಿದ್ದಾಳೆ, ನನ್ನವಳು ಚಾಕು ತಂದುಕೊಟ್ಟಳು ಎಂದು ಅವನ ಹೊಟ್ಟೆ ಅಷ್ಟರಲ್ಲೂ ಒಮ್ಮೆ ಉರಿಯಿತು.

ರವಿಕಿರಣ ಎದ್ದು, ತಾನು ಕುಳಿತಿದ್ದ ಸಮುದ್ರದ ಬದಿಯ ಕಿಟಕಿ ಸೀಟನ್ನು ಕೈಯಿಂದ ಒರೆಸಿದ.

"ಇಲ್ಲಿ ಕೂತ್ಕಳಿ ಅಣ್ಣಾ," ಎಂದ. "ಸೋಮಾರದಿಂದ ಇದು ನಿಮ್ಮದೇ. ತಿವಿಯೂಕೆ ನಾ ಬರೂದಿಲ್ಲ."

ಪುಂಡಲೀಕ ಸರಿದು ಕುಳಿತು ಹೊರಗೆ ನೋಡಿದ. ನೌಕಾನೆಲೆಯ ಗೋಡೆ ಹೋಗುತ್ತಿತ್ತು, ಹೋಗುತ್ತಲೇ ಇತ್ತು.