ಛೋಟಿ ವಹಿನಿಯ ಕ್ರ್ಯಾಂಕು

ಸೈಕಲ್ ಕೊಳ್ಳುವುದು ಅಂಗಿ ಕೊಂಡಷ್ಟೇ ಸುಲಭ ಎಂದು ನಾನು ತಿಳಿದಿದ್ದೆ. ಬಾಗಲಕೋಟೆಯಿಂದ ನಾಸಿಕಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ, ಬ್ಯಾಂಕಿನ ಕುರ್ಚಿಯ ಮೇಲೆ ಕೂತು ಕೂತು ಬೆಳೆಸಿದ ಹೊಟ್ಟೆಯನ್ನು ಕರಗಿಸಿಯೇ ತೀರುತ್ತೇನೆಂದು ಗಂಗಾಪುರ ರಸ್ತೆಯ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನೋಡಿ ಮುಗಿಸಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಸ್ಮಾಲ್ ಸೈಜು ತೋರಿಸಲೇ ಎಂದು ಮರ್ಯಾದೆಯಿಂದಲೇ ಕೇಳಿದ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು ನಿಂತಿದ್ದರು. ನಾನು ಎದೆ ಉಬ್ಬಿಸಿ, ಮೀಡಿಯಂ ಕೊಡಿ ಎಂದೆ. ಲಾರ್ಜ್ ಕೇಳಲಿಲ್ಲವಲ್ಲ, ಅದೇ ನನ್ನ ವಿನಯ!

ಮರುದಿನ ಬೆಳಿಗ್ಗೆ ಸೈಕಲ್ ಹತ್ತಿದಾಗ ನನ್ನ ಹೆಂಡತಿ ಗಿರಿಜಾ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಾ ನಿಂತಿದ್ದಳು.

"ಕಾಲು ಮುಟ್ಟತಾವೇನ್ರಿ?" ಎಂದು ಕೇಳಿದಳು.

ಮುಟ್ಟುತ್ತವೆ ಎಂದೆ. ಮುಟ್ಟುತ್ತಿರಲಿಲ್ಲ. ಸೀಟನ್ನು ಇಳಿಸಬಹುದಾದಷ್ಟೂ ಇಳಿಸಿದ ಮೇಲೂ, ಪೆಡಲ್ ಕೆಳಗೆ ಹೋದಾಗ ನನ್ನ ಪಾದ ಗಾಳಿಯಲ್ಲಿ ಅದನ್ನು ಹುಡುಕಬೇಕಾಗಿತ್ತು. ಅದೇ ಪೆಡಲ್ ಮೇಲೆ ಬಂದಾಗ ಮೊಣಕಾಲು ನೇರವಾಗಿ ಹೊಟ್ಟೆಗೆ ಗುದ್ದುತ್ತಿತ್ತು. ಹೊಟ್ಟೆ ಕರಗಿಸಲು ಇದೂ ಒಂದು ವಿಧಾನವಿರಬಹುದೆಂದು ಒಂದು ವಾರ ಸಹಿಸಿಕೊಂಡೆ. ಆಮೇಲೆ ಮೊಬೈಲಿನಲ್ಲಿ ಓದಿ ತಿಳಿದುಕೊಂಡೆ. ಪೆಡಲನ್ನು ಹಿಡಿದು ತಿರುಗುವ ಕಬ್ಬಿಣದ ತೋಳಿಗೆ ಕ್ರ್ಯಾಂಕ್ ಎನ್ನುತ್ತಾರಂತೆ. ಗಿಡ್ಡ ಕಾಲಿನವರಿಗೆ ಗಿಡ್ಡ ಕ್ರ್ಯಾಂಕ್ ಹಾಕಿಸಿದರೆ ಪೆಡಲ್ ಕೆಳಗೂ ಹೆಚ್ಚು ಹೋಗುವುದಿಲ್ಲ, ಮೇಲೂ ಹೆಚ್ಚು ಬರುವುದಿಲ್ಲವಂತೆ. ಇಷ್ಟೇ ತಾನೆ ಎಂದುಕೊಂಡೆ.

ನಾಸಿಕದ ಅಂಗಡಿಗಳಲ್ಲೆಲ್ಲ ಒಂದೇ ಅಳತೆ, ಎತ್ತರದವರ ಅಳತೆ. ಒಬ್ಬ ಮಾತ್ರ ಮಕ್ಕಳ ಸೈಕಲ್ಲಿನ ಕ್ರ್ಯಾಂಕ್ ತಂದು ಹಚ್ಚಲು ನೋಡಿದ, ಅದು ನನ್ನ ಸೈಕಲ್ಲಿಗೆ ಕೂರಲೇ ಇಲ್ಲ. ಕೊನೆಗೆ ನಾನು ದಿನಾ ಬೆಳಿಗ್ಗೆ ಜೊತೆಗೆ ಹೋಗುತ್ತಿದ್ದ ಸೈಕಲ್ ಗುಂಪಿನ ಮುಖಂಡ ಬೋರಸೆಯವರನ್ನು ಕೇಳಿದೆ. ದ್ರಾಕ್ಷಿ ತೋಟದ ಮಾಲೀಕರು, ಆರಡಿ ಆಳು, ದನಿಯೂ ಅಷ್ಟೇ ಎತ್ತರ. ಎಲ್ಲರೂ ಚಹಾದ ಗಾಡಿಯ ಸುತ್ತ ನಿಂತಿದ್ದಾಗ ಅವರು, ಗಿಡ್ಡ ಕ್ರ್ಯಾಂಕು ಯಾರಿಗೆ ಸಾಹೇಬ್ ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಹದಿನೈದು ಮುಖಗಳು ನನ್ನ ಕಾಲುಗಳ ಕಡೆಗೆ ತಿರುಗತೊಡಗಿದವು.

"ಮಿಸೆಸ್‌ಗೆ," ಎಂದೆ.

ಗಿರಿಜಾ ನನಗಿಂತ ನಾಲ್ಕು ಬೆರಳು ಎತ್ತರ. ಅವಳು ಸೈಕಲ್ಲನ್ನು ಮುಟ್ಟಿದವಳಲ್ಲ. ಆದರೆ ಗುಂಪಿನಲ್ಲಿ ಯಾರೂ ಅವಳನ್ನು ನೋಡಿರಲಿಲ್ಲ, ಮುಂದೆಯೂ ನೋಡುವ ಪ್ರಸಂಗ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಬ್ಯಾಂಕಿನಲ್ಲಿ ನನ್ನ ಲೆಕ್ಕ ಎಂದೂ ತಪ್ಪಿದ್ದಿಲ್ಲ!

ಅಂದಿನಿಂದ ದಿನಾ ವಹಿನಿಯ ವಿಚಾರಣೆ ಶುರುವಾಯಿತು. ಮರಾಠಿಯವರು ಗೆಳೆಯನ ಹೆಂಡತಿಯನ್ನು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ. ನನ್ನ ಹೆಂಡತಿ ಕುಳ್ಳಿ ಎಂದು ತಿಳಿದ ಮೇಲೆ ಅವಳು ಛೋಟಿ ವಹಿನಿಯಾದಳು. ಛೋಟಿ ವಹಿನಿ ಯಾಕೆ ಬರುವುದಿಲ್ಲ? ನಾಚಿಕೆ ಸ್ವಭಾವ, ನಾವು ಮನೆಗೆ ಹೋದ ಮೇಲೆ ಒಬ್ಬಳೇ ಹೊರಡುತ್ತಾಳೆ ಎಂದೆ. ಎಷ್ಟು ದೂರ ಹೋಗುತ್ತಾರೆ? ತ್ರ್ಯಂಬಕೇಶ್ವರದವರೆಗೆ ಎಂದೆ. ಏರಿನಲ್ಲಿ ಇಳಿದು ತಳ್ಳುತ್ತಾರೆಯೇ? ಛೇ, ಇಳಿಯುವುದೇ ಇಲ್ಲ ಎಂದೆ. ಇಳಿದು ತಳ್ಳುವವನು ನಾನು. ಕೇಳಿದವರ ಕಣ್ಣಿನಲ್ಲಿ ಮೂಡಿದ ಗೌರವ ಕಂಡು ನನಗೇ ಆ ಪುಟ್ಟ ಹೆಂಗಸಿನ ಬಗ್ಗೆ ಹೆಮ್ಮೆ ಹುಟ್ಟತೊಡಗಿತು.

ಬೋರಸೆಯವರು ಸುಮ್ಮನೆ ಕೂರುವವರಲ್ಲ. ಛತ್ರಪತಿ ಸಂಭಾಜಿನಗರದಲ್ಲಿ ಜಾಧವ್ ಎಂಬುವವರ ಅಂಗಡಿಯಲ್ಲಿ ಒಂದು ಜೊತೆ ಗಿಡ್ಡ ಕ್ರ್ಯಾಂಕ್ ಇದೆಯೆಂದು ಪತ್ತೆ ಮಾಡಿಯೇಬಿಟ್ಟರು. ಫೋನ್ ಮಾಡಿದೆ. ಜಾಧವ್ ಒಂದು ಕಾಲದ ಸೈಕಲ್ ರೇಸಿನ ಹುಲಿ, ಹಾಗೆಂದು ಅವರೇ ಹೇಳಿದರು. ಕೊರಿಯರ್ ಮಾಡಿ ಎಂದರೆ ಒಪ್ಪಲಿಲ್ಲ. ಸವಾರರ ಕಾಲು ನೋಡದೆ ಕ್ರ್ಯಾಂಕ್ ಕೂರಿಸುವುದಿಲ್ಲ, ಬರುವ ಭಾನುವಾರ ವಹಿನಿಯನ್ನೂ ಸೈಕಲ್ಲನ್ನೂ ಕರೆದುಕೊಂಡು ಬನ್ನಿ ಎಂದು ಅಪ್ಪಣೆ ಮಾಡಿದರು. ಮರ್ಯಾದಸ್ಥನಾದವನು ಇಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಹೊಟ್ಟೆ ಮೊಣಕಾಲಿನ ಗುದ್ದು ತಿಂದು ತಿಂದು ನೀಲಿಗಟ್ಟಿತ್ತು. ನಾನು ಒಂದು ಯೋಜನೆ ಹೂಡಿದೆ.

ಸಂಭಾಜಿನಗರದ ಹತ್ತಿರವೇ ಇರುವ ವೇರುಳದ ಘೃಷ್ಣೇಶ್ವರನ ದರ್ಶನಕ್ಕೆ ಹೋಗೋಣ ಎಂದು ಗಿರಿಜಾಳನ್ನು ಹೊರಡಿಸಿದೆ. ಕಾರಿನ ಹಿಂದೆ ಸೈಕಲ್ ಯಾಕೆ ಕಟ್ಟಿದ್ದೀರಿ ಎಂದಳು. ಸಂಭಾಜಿನಗರದಲ್ಲಿ ಸರ್ವಿಸಿಂಗ್ ಚೆನ್ನಾಗಿ ಮಾಡುತ್ತಾರೆ ಎಂದೆ. ಅವಳು ನಂಬಿದಳು. ನಾನು ಹೇಳಿದ್ದನ್ನು ಅವಳು ಹೀಗೇ ನಂಬುತ್ತಾ ಬಂದವಳು, ಅದನ್ನು ಬರೆಯುವಾಗ ಈಗಲೂ ಮುಖ ತಗ್ಗಿಸುತ್ತೇನೆ. ಜಾಧವರ ಅಂಗಡಿಯ ಹತ್ತಿರವೇ ಉಡುಪಿಯವರ ಹೋಟೆಲೊಂದಿತ್ತು. ಅಲ್ಲಿ ಅವಳನ್ನು ಕೂರಿಸಿ, ಮಸಾಲೆ ದೋಸೆ ಹೇಳಿ, ಸೈಕಲ್ ಕೊಟ್ಟು ಬರುತ್ತೇನೆಂದು ಹೊರಬಿದ್ದೆ. ವಹಿನಿಗೆ ಜ್ವರ, ಅವಳ ಕಾಲಿನ ಅಳತೆ ನನ್ನ ಕಾಲಿನಷ್ಟೇ ಎಂದು ಜಾಧವರಿಗೆ ಹೇಳಿದರೆ ಮುಗಿಯಿತು.

ಅಂಗಡಿಯ ಮುಂದೆ ಒಂದು ಫ್ಲೆಕ್ಸ್ ತೂಗಾಡುತ್ತಿತ್ತು. 'ಛೋಟ್ಯಾ ವಹಿನೀಂಚೆ ಹಾರ್ದಿಕ್ ಸ್ವಾಗತ್' ಎಂದು ಮರಾಠಿಯಲ್ಲಿ ದಪ್ಪ ಅಕ್ಷರ. ಅದರ ಕೆಳಗೆ ನಮ್ಮ ಬ್ಯಾಂಕಿನ ಸಿಬ್ಬಂದಿಗಿಂತ ಹೆಚ್ಚು ಹೆಂಗಸರು, ಕೈಯಲ್ಲಿ ಆರತಿ ತಟ್ಟೆ, ಶಾಲು, ತೆಂಗಿನಕಾಯಿ. ಅವರು ಊರಿನ ಮಹಿಳಾ ಸೈಕಲ್ ಮಂಡಳಿಯವರು. ಗಿಡ್ಡಗಿದ್ದರೂ ತ್ರ್ಯಂಬಕದ ಏರಿನಲ್ಲಿ ಇಳಿಯದ ಧೀರೆಗೆ ಸತ್ಕಾರ ಮಾಡಲು, ಬೋರಸೆಯವರಿಂದ ಎಲ್ಲ ಕೇಳಿದ್ದ ಜಾಧವ್ ಅವರನ್ನೆಲ್ಲ ಕರೆಸಿದ್ದರು!

ಹೇಗೋ ಜ್ವರದ ಸುದ್ದಿ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಎಂದರು. ಒಬ್ಬ ಹಿರಿಯಾಕೆ ಕಷಾಯದ ವಿಧಾನ ಹೇಳತೊಡಗಿದರು. ಇನ್ನೇನು ಬಚಾವಾದೆ ಎನ್ನುವಷ್ಟರಲ್ಲಿ, ಅಂಗಡಿಯ ಪಕ್ಕ ನಿಲ್ಲಿಸಿದ್ದ ಕಾರಿನಲ್ಲಿ ಮರೆತ ಮೊಬೈಲ್ ತೆಗೆದುಕೊಳ್ಳಲು ಗಿರಿಜಾ ನಡೆದು ಬಂದಳು. ಇವರು ಯಾರು ಎಂದು ಆ ಹಿರಿಯಾಕೆ ನನ್ನನ್ನು ಕೇಳಿದರು. ಸುಳ್ಳು ಹೇಳಿ ಹೇಳಿ ಅಷ್ಟು ಪಳಗಿದ್ದ ನನ್ನ ನಾಲಿಗೆ ಆ ಹೊತ್ತಿಗೇ ಕೈಕೊಟ್ಟಿತು. ಮಿಸೆಸ್ ಎಂದುಬಿಟ್ಟೆ.

ಎಲ್ಲರೂ ಕತ್ತೆತ್ತಿ ಗಿರಿಜಾಳನ್ನು ನೋಡಿದರು. ಕತ್ತು ತಗ್ಗಿಸಿ ನನ್ನನ್ನು ನೋಡಿದರು. ಆ ಹಿರಿಯಾಕೆಗೆ ಏನೋ ಹೊಳೆದಂತಾಯಿತು. ಬಹಳ ಸಂಕೋಚದಿಂದ, ಹಾಗಾದರೆ ಜ್ವರ ಬಂದಿರುವುದು ಛೋಟಿ ವಹಿನಿಗೆ, ಅಲ್ಲವೇ ಎಂದರು.

ಆಗ ಹೊಳೆಯಿತು ನನಗೆ. ಛೋಟಿ ಎಂದರೆ ಕುಳ್ಳಿ ಎಂದು ಮಾತ್ರ ಅಲ್ಲ, ಕಿರಿಯವಳು ಎಂದೂ ಹೌದು. ಎದುರಿಗೆ ನಿಂತ ಎತ್ತರದ ಹೆಂಗಸು ಹಿರಿಯ ಹೆಂಡತಿ, ಮನೆಯಲ್ಲಿ ಜ್ವರದಿಂದ ಮಲಗಿದವಳು ಎರಡನೆಯವಳು! ಬ್ಯಾಂಕಿನವನಿಗೆ ಎರಡನೇ ಮದುವೆ ಎಂದರೆ ನೌಕರಿಗೇ ಸಂಚಕಾರ. ಆದರೆ ಆ ಕ್ಷಣ ನನಗೆ ನೌಕರಿ ನೆನಪಾಗಲಿಲ್ಲ. ಗಿರಿಜಾ ಫ್ಲೆಕ್ಸನ್ನು ಓದುತ್ತಿದ್ದಳು.

"ಸಣ್ಣಾಕಿ ಯಾರ್ರಿ?" ಎಂದಳು.

ಅವಳು ಸಿಟ್ಟು ಮಾಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ, ಸಿಟ್ಟಾದರೆ ಅವಳ ದನಿ ಏರುತ್ತದೆ. ಈ ಸಲ ಏರಲಿಲ್ಲ. "ದಿನಾ ಮುಂಜಾನೆ ಎದ್ದು ಹೋಗೋದು ಇದಕ್ಕೇನು? ಹೇಳ್ರಿ, ಯಾರಾಕಿ?"

ಅವಳ ಕಣ್ಣು ತುಂಬಿಕೊಂಡಿತ್ತು. ನಾನು ಇದುವರೆಗೆ ಕಾಪಾಡಿಕೊಂಡು ಬಂದ ಮಾನ ಒಂದು ಕಡೆ, ಇವಳು ಇನ್ನೊಂದು ಕಡೆ. ಸೈಕಲ್ಲನ್ನು ಹಿಡಿದುಕೊಂಡು, ನೆರೆದ ಮಹಿಳಾ ಮಂಡಳಿಗೂ ಅರ್ಥವಾಗಲೆಂದು ನನ್ನ ಹರಕುಮುರುಕು ಮರಾಠಿಯಲ್ಲಿ ಘೋಷಿಸಿದೆ.

"ಛೋಟಾ ಮೀಚ್ ಆಹೆ."

ಗಿಡ್ಡ ನಾನೇ! ಆಮೇಲೆ ಕನ್ನಡದಲ್ಲಿ ಗಿರಿಜಾಳಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಾಲು ಮುಟ್ಟದ್ದು, ಹೊಟ್ಟೆಯ ಗುದ್ದು, ಚಹಾದ ಗಾಡಿ, ತ್ರ್ಯಂಬಕದ ಏರು. ಸಾಕ್ಷಿಗೆ ಸೈಕಲ್ ಹತ್ತಿಯೂ ತೋರಿಸಿದೆ. ಪೆಡಲ್ ಕೆಳಗೆ ಹೋಯಿತು, ನನ್ನ ಪಾದ ಮೇಲೆಯೇ ಉಳಿಯಿತು. ಹೆಂಗಸರು ಸೆರಗನ್ನೂ ಓಢಣಿಯನ್ನೂ ಬಾಯಿಗೆ ಒತ್ತಿಕೊಂಡರು. ಗಿರಿಜಾ ಮಾತ್ರ ನಗಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಾಲನ್ನೇ ನೋಡುತ್ತಾ ನಿಂತಳು.

ಜಾಧವ್ ಗಂಭೀರವಾಗಿ ಟೇಪು ತೆಗೆದು, ನನ್ನನ್ನು ಗೋಡೆಗೆ ನಿಲ್ಲಿಸಿ, ತೊಡೆಸಂದಿಯಿಂದ ನೆಲದವರೆಗೆ ಅಳೆದರು. ಅಳತೆಯನ್ನು ಗಟ್ಟಿಯಾಗಿ ಓದಿದರು. ನಂಬಿಕೆಯಾಗದೆ ಇನ್ನೊಮ್ಮೆ ಅಳೆದು ಇನ್ನೊಮ್ಮೆ ಓದಿದರು. ಕ್ರ್ಯಾಂಕ್ ಮಾತ್ರ ನನಗೆಂದೇ ಮಾಡಿದ ಹಾಗೆ ಕೂತಿತು. ತಂದ ಶಾಲು ವಾಪಸು ಒಯ್ಯುವುದು ಸರಿಯಲ್ಲವೆಂದು ಮಂಡಳಿಯವರು ಅದನ್ನು ಗಿರಿಜಾಳಿಗೇ ಹೊದಿಸಿದರು. ಏತಕ್ಕಾಗಿ ಈ ಸತ್ಕಾರ ಎಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆಮೇಲೆ ಜಾಧವ್ ಫೋಟೋ ಎಂದರು. ನಾವಿಬ್ಬರೂ ಪಕ್ಕಪಕ್ಕದಲ್ಲಿ ನಿಂತೆವು. ಗಿರಿಜಾ ಜಾಧವರ ಮೊಬೈಲಿನ ಕಡೆಗೆ ನೋಡುತ್ತಲೇ, ಅಲ್ಲಿ ನನ್ನೊಬ್ಬನಿಗೇ ತಿಳಿಯುವ ಭಾಷೆಯಲ್ಲಿ, ಮೆಲ್ಲಗೆ ಮಾತಾಡಿದಳು.

"ಮದುವಿ ಫೋಟೋದಿಂದ ಹಿಡದು ನಿಮ್ಮ ಬಾಜೂಕ ಮೊಣಕಾಲ ಮಡಚೇ ನಿಂತೀನ್ರಿ. ಸೀರಿಯೊಳಗ ಯಾರಿಗೂ ಕಾಣಂಗಿಲ್ಲ. ಇವತ್ತ ನೆಟ್ಟಗ ನಿಂದರತೀನಿ."

ನನಗೆ ಗೊತ್ತೇ ಇರಲಿಲ್ಲ. ಮನೆಯ ಆಲ್ಬಮ್ಮುಗಳಲ್ಲೆಲ್ಲ ನಾವಿಬ್ಬರೂ ಸರಿಸಮ. ಅದನ್ನು ನಾನು ಫೋಟೋಗ್ರಾಫರುಗಳ ಕೈಚಳಕ ಎಂದುಕೊಂಡಿದ್ದೆ. ಎಷ್ಟು ಮದುವೆಗಳಲ್ಲಿ, ಎಷ್ಟು ಹೊತ್ತು, ಒಂದು ಮಾತೂ ಆಡದೆ ಹಾಗೆ ನಿಂತಿದ್ದಳೋ! ಇಂಥವಳನ್ನು ಊರಿಗೆಲ್ಲ ಕುಳ್ಳಿ ಎಂದು ಸಾರಿದ್ದೆ. ಆ ಹೊತ್ತಿನಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿಲ್ಲ. ಇನ್ನು ಮೇಲೆ ಇದ್ದಷ್ಟೇ ಎತ್ತರಕ್ಕೆ ಇರುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಫೋಟೋ ಆ ಸಂಜೆಯೇ ಬಂತು. ಗಿರಿಜಾ ಶಾಲು ಹೊದ್ದು ನೆಟ್ಟಗೆ ನಿಂತಿದ್ದಾಳೆ, ಬಹಳ ಚೆನ್ನಾಗಿ ಕಾಣುತ್ತಾಳೆ. ನಾನು ಪಕ್ಕದಲ್ಲಿ, ತುದಿಗಾಲ ಮೇಲೆ.