ಡ್ರೈವರಣ್ಣನ ಗಂಟುನೋವು

ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿಬದಿಯಲ್ಲಿ ಕೈ ತೋರಿಸಿ ಹತ್ತಿಕೊಳ್ಳುತ್ತವೆ. ಐವತ್ತರ ದಶಕದ ಕೊನೆಯಿಂದ ಅರವತ್ತರ ನಡುವಿನವರೆಗೆ ನಾನಿದ್ದದ್ದು ಮೂಡಬಿದ್ರೆಯಿಂದ ವೇಣೂರು, ಬೆಳ್ತಂಗಡಿ ದಾಟಿ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ. ಡ್ರೈವರ್ ನನಗಿಂತ ಸ್ವಲ್ಪ ಹಿರಿಯ. ನಾನೂ ಪ್ರಯಾಣಿಕರೂ ಅವನನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದೆವು. ಕೆಳಗೆ ಬರೆದದ್ದೆಲ್ಲ ಅವನ ವಿಷಯವೇ. ಆಗ ನಾವು ಹೊಟ್ಟೆ ತುಂಬ ನಕ್ಕ ಸಂಗತಿಗಳಿವು. ಈಗಲೂ ನಗು ಬರುತ್ತದೆ. ಆದರೆ ಇವನ್ನೇ ಯಾರಾದರೂ ಒಟ್ಟು ಮಾಡಿ ಒಬ್ಬ ಡಾಕ್ಟರಿಗೆ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನಕ್ಕ ಮೇಲೆ ಅನಿಸುತ್ತದೆ.

ಡಾಮರು

ಡ್ರೈವರಣ್ಣನ ಎರಡೂ ಮೊಣಕೈಗಳಲ್ಲಿ ಕೆಂಪು ಕಲೆ, ಅದರ ಮೇಲೆ ಬೆಳ್ಳಗೆ ಹೊಟ್ಟಿನಂಥ ಪದರ. ಗೇರು ಬದಲಿಸಿದಾಗಲೆಲ್ಲ ಅದು ಉದುರುತ್ತಿತ್ತು. ಅಂಟುರೋಗವೆಂದು ಹೆದರಿ, ನಿಂತುಕೊಂಡೇ ಬಂದರೂ ಚಿಂತಿಲ್ಲ, ಅವನ ಹಿಂದಿನ ಸೀಟು ಬೇಡ ಎನ್ನುವವರಿದ್ದರು. ಮೂಡಬಿದ್ರೆಯ ಡಾಕ್ಟ್ರು ನೋಡಿ, ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ, ಬರುತ್ತದೆ ಹೋಗುತ್ತದೆ ಎಂದು ಹೇಳಿ ಹಚ್ಚಲಿಕ್ಕೆ ಒಂದು ಕಪ್ಪು ಮುಲಾಮು ಕೊಟ್ಟರು. ಅದರಲ್ಲಿ ಇದ್ದದ್ದು ಡಾಮರಿನ ಸತ್ವವಂತೆ. ಮೊದಲ ದಿನ ಹಚ್ಚಿಕೊಂಡು ಬಂದಾಗ ಬಸ್ಸಿಡೀ ಘಾಟು.

ಆಗ ನಮ್ಮ ದಾರಿಯಲ್ಲಿ ಹೆಚ್ಚಿನ ಕಡೆ ಕೆಂಪು ಧೂಳು, ಜಲ್ಲಿ ಅಷ್ಟೆ. ಡಾಮರು ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲಿ ಹೇಳುತ್ತಿದ್ದರು. ವೇಣೂರಿನಲ್ಲಿ ಹತ್ತಿದ ಒಬ್ಬ ಹಿರಿಯರು ಮೂಗೇರಿಸಿ ಗಾಳಿ ಎಳೆದುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಹಳ ಸಂತೋಷದಿಂದ, "ಅಂತೂ ಕೆಲಸ ಸುರು ಮಾಡಿದರಲ್ಲ ಕಂಡಕ್ಟ್ರೆ, ಎಲ್ಲಿವರೆಗೆ ಆಯ್ತು?" ಎಂದು ಕೇಳಿದರು.

ಡ್ರೈವರಣ್ಣ ಹಿಂದೆ ತಿರುಗದೆ ಉತ್ತರ ಕೊಟ್ಟ. "ಸದ್ಯಕ್ಕೆ ಮೊಣಕೈವರೆಗೆ ಆಗಿದೆ."

ಸುಣ್ಣ

ಅವನಿಗೆ ವೀಳ್ಯದೆಲೆ ಪ್ರಿಯ. ಬೆಳ್ತಂಗಡಿಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಎಲೆಯಡಿಕೆಯ ಗೂಡಂಗಡಿ. ಅಲ್ಲಿ ಇಳಿದು ಹೆಬ್ಬೆರಳಿನ ಉಗುರಿನಲ್ಲಿ ಸುಣ್ಣ ತೆಗೆದು ಎಲೆಗೆ ಸವರುತ್ತಿದ್ದ. ಆ ಉಗುರಿನಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಬೀಳತೊಡಗಿತು. ಅಂಗಡಿಯವರು ನೋಡಿ, ಇದು ಸುಣ್ಣ ತಿಂದದ್ದು, ಬೆರಳು ಬದಲಿಸಿ ಎಂದು ಸಲಹೆ ಕೊಟ್ಟರು. ಅವನು ತೋರುಬೆರಳಿಗೆ ಬದಲಿಸಿದ. ಅದರಲ್ಲಿಯೂ ಗುಳಿ. ಮತ್ತೆ ಎಡಗೈಗೆ ಹೋದ. ಅಲ್ಲಿ ಸುಣ್ಣ ಮುಟ್ಟುವ ಮೊದಲೇ ಗುಳಿ ಬಿದ್ದಿತ್ತು. ಅದಕ್ಕೂ ಅಂಗಡಿಯವರು, ನಿದ್ದೆಯಲ್ಲಿ ಕೈಗೆ ಕೈ ತಾಗಿರಬೇಕು ಎಂದು ಕಾರಣ ಹುಡುಕಿಟ್ಟರು.

ಒಂದು ದಿನ ಅವನು ಚಪ್ಪಲಿ ಕಳಚಿ ಅಂಗಡಿಯ ಬೆಂಚಿನ ಮೇಲೆ ಕಾಲು ಇಟ್ಟ. ಕಾಲಿನ ಉಗುರುಗಳೂ ಹಾಗೆಯೇ ಗುಳಿಬಿದ್ದು, ದಪ್ಪವಾಗಿ, ತುದಿಯಲ್ಲಿ ಮೇಲೆದ್ದಿದ್ದವು. ಅಂಗಡಿಯವರು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲನೆ, ಒಂದು ಗೌರವದಿಂದಲೇ, "ನೀವು ಕಾಲಲ್ಲಿಯೂ ಸುಣ್ಣ ಹಚ್ಚುತ್ತೀರಾ ಮಾರಾಯ್ರೆ?" ಎಂದು ಕೇಳಿದರು.

ಬೆಳಿಗ್ಗೆಯ ನಡಿಗೆ

ಆ ವರ್ಷವೇ ಇರಬೇಕು, ಅವನ ಎಡಗಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿಕೊಂಡಿತು. ಪಕ್ಕದ ಬೆರಳುಗಳಿಗೆ ಏನೂ ಇಲ್ಲ, ಇದೊಂದು ಮಾತ್ರ ಕದಳಿ ಬಾಳೆಹಣ್ಣಿನ ಹಾಗೆ. ಹಿಮ್ಮಡಿಯಲ್ಲಿಯೂ ನೋವು. ಬಂಟ್ವಾಳದಲ್ಲಿ ನಾಟಿಮದ್ದು ಕೊಡುವ ಒಬ್ಬರು ಪಂಡಿತರಿದ್ದರು. ಅವರು ನಂಜು ಎಂದು ಹೇಳಿ ಬದನೆ, ಹಲಸು, ಒಣಮೀನು ಬಿಡಿಸಿದರು. ಉದ್ದ ತೋಳಿನ ಖಾಕಿ ಅಂಗಿ ಹಾಕಿಕೊಂಡು ಹೋಗಿದ್ದರಿಂದ ಪಂಡಿತರಿಗೆ ಮೊಣಕೈ ಕಾಣಲಿಲ್ಲ. ಮೂಡಬಿದ್ರೆಯ ಡಾಕ್ಟರಿಗಾದರೂ ಕಾಲು ತೋರಿಸು ಎಂದು ನಾನು ಹೇಳಿದೆ. ಅವರು ಚರ್ಮಕ್ಕೆ ಮದ್ದು ಕೊಡುವವರು, ಅವರಲ್ಲಿ ಕಾಲಿನ ವಿಷಯ ತೆಗೆದರೆ ಏನೆಂದುಕೊಂಡಾರು ಎಂದು ಅವನಿಗೆ ಸಂಕೋಚ. ಹೀಗೆ ಚರ್ಮದ ವಿಷಯ ಮೂಡಬಿದ್ರೆಯಲ್ಲಿ ಉಳಿಯಿತು, ಕಾಲಿನ ವಿಷಯ ಬಂಟ್ವಾಳದಲ್ಲಿ ಉಳಿಯಿತು. ಎರಡೂ ಊರಿನ ನಡುವೆ ದಿನಾ ಬಸ್ಸು ಓಡಿಸುತ್ತಿದ್ದವನು ಅವನೇ.

ಬೆಳಿಗ್ಗೆ ಎದ್ದಾಗ ಅವನ ಮೈ ಮರಗಟ್ಟಿದ ಹಾಗೆ ಇರುತ್ತಿತ್ತು. ಗೋಡೆ ಹಿಡಿದು, ಕಾಲು ಎತ್ತಿ ಎತ್ತಿ ಇಟ್ಟು ಬಸ್ಸಿನ ಹತ್ತಿರ ಬರುತ್ತಿದ್ದ. ಒಂದು ಗಂಟೆ ಕಳೆದರೆ ಸಡಿಲವಾಗುತ್ತಿತ್ತು, ಸಂಜೆಗೆ ಏನೂ ಆಗದವನ ಹಾಗೆ ನಡೆಯುತ್ತಿದ್ದ.

ಆಗ ನಮ್ಮಲ್ಲಿ ಪಾನನಿಷೇಧ ಇದ್ದ ಕಾಲ. ಡ್ರೈವರ್ ಕುಡಿದ ಎಂದರೆ ಕೆಲಸ ಹೋದಂತೆಯೇ. ಬಸ್ಸಿನ ಯಜಮಾನರು, ನಾವು ಧನಿಗಳು ಎನ್ನುತ್ತಿದ್ದವರು, ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದು, ಅವನು ತೂರಾಡಿಕೊಂಡು ಬರುವುದನ್ನು ಕಂಡರು. ಹತ್ತಿರ ಕರೆದು ಬಾಯಿ ಮೂಸಿದರು. ವಾಸನೆ ಇಲ್ಲ. ಆದರೂ ಅವರಿಗೆ ಸಮಾಧಾನ ಇಲ್ಲ. ಡ್ರೈವರಣ್ಣನ ಮುಖ ಬಿಳಚಿಕೊಂಡಿತ್ತು. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. ಸಂಜೆ ಬಸ್ಸು ವಾಪಸು ಬರುವಾಗ ಧನಿಗಳು ಅಲ್ಲಿಯೇ ಕುರ್ಚಿ ಹಾಕಿ ಕೂತಿದ್ದರು. ಇವನು ಇಳಿದು ನೆಟ್ಟಗೆ ನಡೆದು ಬಂದು ಕೈ ಮುಗಿದ. ಧನಿಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಸಂಜೆ ಕುಡಿದು ಬೆಳಿಗ್ಗೆ ಸರಿಯಾಗುವವರನ್ನು ಕಂಡಿದ್ದೇನೆ" ಎಂದರು. "ಬೆಳಿಗ್ಗೆ ಕುಡಿದು, ಬಸ್ಸು ಓಡಿಸಿ ಅಮಲು ಇಳಿಸಿಕೊಳ್ಳುವವನು ನೀನೊಬ್ಬನೇ. ನಿನ್ನನ್ನು ಬಿಟ್ಟರೆ ನನಗೆ ಇಂಥವನು ಮತ್ತೆ ಸಿಗಲಿಕ್ಕಿಲ್ಲ."

ಹಾಗೆ ಅವನ ಕೆಲಸ ಉಳಿಯಿತು.

ಮಂಗಳೂರಿನಲ್ಲಿ

ಕೆಲಸ ಉಳಿದದ್ದು ಕೆಲವು ವರ್ಷ ಮಾತ್ರ. ಕೈಬೆರಳುಗಳ ಗಂಟುಗಳು ಒಂದೊಂದಾಗಿ ಊದಿ, ಕೊನೆಗೆ ಬೆರಳುಗಳೇ ಸೊಟ್ಟವಾದವು. ಸ್ಟೇರಿಂಗ್ ಹಿಡಿದರೆ ಬಿಡಿಸಲಿಕ್ಕೆ ಆಗುವುದಿಲ್ಲ, ಬಿಟ್ಟರೆ ಹಿಡಿಯಲಿಕ್ಕೆ ಆಗುವುದಿಲ್ಲ. ಧನಿಗಳೇ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ನಾನೂ ಜೊತೆಗೆ ಹೋದೆ.

ಅಲ್ಲಿಯ ಡಾಕ್ಟ್ರು ಘಟ್ಟದ ಮೇಲಿನವರು, ಮೆತ್ತಗೆ ಮಾತಾಡುವವರು. ಅವನ ಅಂಗಿ ತೆಗೆಸಿ ಮೊಣಕೈ ನೋಡಿದರು, ಉಗುರು ನೋಡಿದರು, ಕಾಲಿನ ಬೆರಳು ಹಿಚುಕಿ ನೋಡಿದರು, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಎಂದು ಕೇಳಿದರು. ಆಮೇಲೆ, "ಇದು ಬೇರೆ ಬೇರೆ ಕಾಯಿಲೆ ಅಲ್ಲಪ್ಪ. ಸೋರಿಯಾಸಿಸ್ ಇರುವ ಕೆಲವರಲ್ಲಿ ಹೀಗೆ ಗಂಟುಗಳಿಗೂ ಬರುತ್ತದೆ. ಆ ಒಂದು ಬೆರಳು ಊದಿದಾಗಲೇ ಬಂದಿದ್ದರೆ ಕೈ ಇಷ್ಟು ಕೆಡದಂತೆ ಏನಾದರೂ ಮಾಡಬಹುದಿತ್ತು" ಎಂದರು.

ಡ್ರೈವರಣ್ಣ ತನ್ನ ಕೈಗಳನ್ನೇ ನೋಡುತ್ತಾ ಕೂತಿದ್ದ. ನಮಗೆ ಹೇಗೆ ಗೊತ್ತಾಗಬೇಕು ಡಾಕ್ಟ್ರೆ, ಯಾರೂ ಹೇಳಲಿಲ್ಲ ಎಂದ.

ಡಾಕ್ಟ್ರು ಅವನ ಮುಖವನ್ನು ಮತ್ತೊಮ್ಮೆ ಸರಿಯಾಗಿ ನೋಡಿದರು. "ನಾನು ಹೇಳಿದ್ದೆನಲ್ಲ. ನಿಮ್ಮ ಬಸ್ಸಿನಲ್ಲಿಯೇ ಹೇಳಿದ್ದೆ. ಬಿಗಿತ ಇಲ್ಲ ಎಂದು ನೀವೇ ಅಂದಿರಿ."

ನಾನೂ ಅವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಇಬ್ಬರಿಗೂ ನೆನಪಾಯಿತು.

ಪರ್ಮಿಟ್ಟು

ಕಾಲಿನ ಬೆರಳು ಊದುವುದಕ್ಕೆ ಸ್ವಲ್ಪ ಮೊದಲಿನ ಮಾತು. ಬೆಳಿಗ್ಗೆಯ ಬಿಗಿತ ಆಗಲೇ ಸುರುವಾಗಿತ್ತು, ನಾವು ಯಾರಿಗೂ ಹೇಳಿರಲಿಲ್ಲ. ವೇಣೂರಿನ ಹತ್ತಿರ ಒಂದು ಕಾರು ಕೆಟ್ಟು ನಿಂತಿತ್ತು. ಕೋಟು ಹಾಕಿದ ಒಬ್ಬರು ನಮ್ಮ ಬಸ್ಸು ಹತ್ತಿ ಡ್ರೈವರಣ್ಣನ ಹಿಂದಿನ ಸೀಟಿನಲ್ಲಿ ಕೂತರು. ಎಲ್ಲರೂ ಬಿಟ್ಟ ಸೀಟು ಅದೊಂದೇ ಖಾಲಿ ಇತ್ತು. ಕೋಟು ನೋಡಿ ನಾವು ಅವರನ್ನು ಯಾವುದೋ ಮೋಟಾರು ಕಂಪೆನಿಯವರೆಂದು ಎಣಿಸಿದೆವು.

ಅವರು ತುಂಬ ಹೊತ್ತು ಡ್ರೈವರಣ್ಣನ ಮೊಣಕೈಯನ್ನೂ ಉಗುರುಗಳನ್ನೂ ನೋಡುತ್ತಿದ್ದರಂತೆ. ತುಂಬಿದ ಬಸ್ಸಿನಲ್ಲಿ ಒಬ್ಬನ ಕಾಯಿಲೆಯ ಮಾತು ಎತ್ತಿ ಅವನಿಗೆ ಅವಮಾನ ಮಾಡುವುದು ಬೇಡವೆಂದು, ಡ್ರೈವರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೇಳಿದರಂತೆ. ಇದೆಲ್ಲ ಆಸ್ಪತ್ರೆಯಲ್ಲಿ ಅವರೇ ಹೇಳಿದ ಮೇಲೆ ನಮಗೆ ತಿಳಿದದ್ದು. ಆ ದಿನ ನಾನು ಕೇಳಿಸಿಕೊಂಡದ್ದು ಇಷ್ಟು.

ಅವರು ಮುಂದೆ ಬಾಗಿ ಮೆಲ್ಲನೆ, "ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗೋದಕ್ಕೆ ಕಷ್ಟ ಆಗುತ್ತಾ?" ಎಂದರು.

ನಿಜ ಹೇಳುವುದಾದರೆ ನಮ್ಮ ಬಸ್ಸು ಬೆಳಿಗ್ಗೆ ನಾಲ್ಕು ಜನ ಹ್ಯಾಂಡಲ್ ತಿರುಗಿಸದೆ ಸ್ಟಾರ್ಟ್ ಆದದ್ದೇ ಇಲ್ಲ. ಆದರೆ ಹೊರಗಿನವರ ಎದುರು ಧನಿಗಳ ಬಸ್ಸಿನ ಮಾನ ತೆಗೆಯುವವನಲ್ಲ ಡ್ರೈವರಣ್ಣ. "ಇಲ್ಲ ಸಾರ್, ಒಂದೇ ಸಲಕ್ಕೆ" ಎಂದ.

"ಜಾಯಿಂಟುಗಳು? ಬಿಗಿ ಏನಾದರೂ?"

"ಎಲ್ಲ ಜಾಯಿಂಟಿಗೂ ಗ್ರೀಸು ಹಾಕಿ ಇಟ್ಟಿದ್ದೇನೆ ಸಾರ್."

ಅವರು ನಕ್ಕರು. ಇವನೂ ತಮ್ಮ ಹಾಗೆಯೇ ಗುಟ್ಟಿನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಾನೆಂದು ಅವರ ಎಣಿಕೆ. ಬೆಳ್ತಂಗಡಿಯಲ್ಲಿ ಇಳಿಯುವಾಗ ಅವನ ಹೆಗಲಿಗೆ ಕೈ ಇಟ್ಟು, "ಬಿಗಿ ಶುರುವಾದರೆ ತಡ ಮಾಡಬೇಡಿ. ಎಲ್ಲಿಯೂ ರಿಪೇರಿಗೆ ಕೊಡಬೇಡಿ. ಸೀದಾ ಮಂಗಳೂರಿಗೆ ಬನ್ನಿ, ನಾನೇ ನೋಡುತ್ತೇನೆ" ಎಂದು ಹೇಳಿ ಹೋದರು.

ಡ್ರೈವರಣ್ಣನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ನಮ್ಮ ಬಸ್ಸಿನ ಮೇಲೆ ಯಾರೂ ಅಷ್ಟು ಪ್ರೀತಿ ತೋರಿಸಿರಲಿಲ್ಲ. ಗುರುವಾಯನಕೆರೆ ದಾಟಿದ ಮೇಲೆ ನನ್ನನ್ನು ಹತ್ತಿರ ಕರೆದು ಬೇಸರದಿಂದ ಹೇಳಿದ.

"ದೇವರಂಥ ಮನುಷ್ಯ ಮಾರಾಯ. ಆದರೆ ಮಂಗಳೂರಿಗೆ ನಮಗೆ ಪರ್ಮಿಟ್ ಇಲ್ಲ ಅಂತ ಅವರಿಗೆ ಹೇಳುವುದು ಹೇಗೆ?"