ಪಂಕ್ಚರ್ ಹುಚ್ಚನ ಕಪ್ಪುಹಣ

ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಹುಚ್ಚನಿಗೆ ಒಂದು ಬೆಳಿಗ್ಗೆ ಚಹದ ದುಡ್ಡು ಕೊಡಲಾಗಲಿಲ್ಲ. ಬನ್ಸ್ ತಿಂದು, ಚಹ ಕುಡಿದು, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ದುಡ್ಡು ಹೋಗಲೊಲ್ಲದು. ಅಂಗಿಗೆ ಒರೆಸಿ ಮತ್ತೆ ಹಿಡಿದ. ಫೋನು ಕೆಂಪು ಅಕ್ಷರದಲ್ಲಿ ಏನೋ ಇಂಗ್ಲಿಷಿನಲ್ಲಿ ಗದರಿತು.

ಪಕ್ಕದಲ್ಲಿ ಚಹ ಊದುತ್ತಿದ್ದ ಬದ್ರುದ್ದೀನ್ ಇಣುಕಿ ನೋಡಿದ. ಹುಚ್ಚನ ಅಂಗಡಿಗೆ ಒತ್ತಿಕೊಂಡೇ ಅವನ ಲಾರಿ ಬುಕಿಂಗ್ ಆಫೀಸು. ಮಂದಿಯ ಫೋನಿನಲ್ಲಿ ಇಣುಕುವುದು ಅವನಿಗೆ ಉಸಿರಾಟದಷ್ಟೇ ಸಹಜ.

"ನಿನ್ನ ಖಾತೆ ಫ್ರೀಜ್ ಆಗಿದೆ ಅಂತ ಬಂದದೆ ಮಾರಾಯ."

"ನಮ್ಮನೇಲಿ ಫ್ರಿಜ್ಜೇ ಇಲ್ವಲ್ಲ" ಎಂದ ಹುಚ್ಚ.

ಬದ್ರುದ್ದೀನನೇ ಚಹದ ದುಡ್ಡು ಕೊಟ್ಟ. ಬ್ಯಾಂಕಿನವರೆಗೂ ಜೊತೆಗೆ ಬಂದ. ಸಹಾಯಕ್ಕಿಂತ ಹೆಚ್ಚಾಗಿ, ವಿಷಯ ಕೈತಪ್ಪಿ ಹೋಗಬಾರದೆಂದು.

ಬ್ಯಾಂಕಿನಲ್ಲಿದ್ದ ಭೂಮಿಕಾ ಹಾವೇರಿ ಕಡೆಯ ಹುಡುಗಿ. ಕಂಪ್ಯೂಟರ್ ನೋಡಿ ದನಿ ತಗ್ಗಿಸಿದಳು. "ಮನಿ ಲಾಂಡ್ರಿಂಗ್ ಅನುಮಾನದ ಮ್ಯಾಲೆ ಸೈಬರ್ ಪೊಲೀಸರು ತಡದಾರ್ರಿ. ಅಂದ್ರ ಕಳ್ಳ ದುಡ್ಡು ಬಿಳಿ ಮಾಡೂದು. ಯಾರೋ ಕದ್ದ ದುಡ್ಡು ಕೈಯಿಂದ ಕೈಗೆ ದಾಟಿ ನಿಮ್ಮ ಖಾತೆಗೂ ಬಂದಿರಬೇಕು. ಒಂದು ಅರ್ಜಿ ಬರದು ಕೊಡ್ರಿ, ಈಗೇ ಕಳಸ್ತೇನಿ."

ಹುಚ್ಚ ಅರ್ಜಿ ಬರೆಯಲು ಕುಳಿತ. ಬದ್ರುದ್ದೀನ್ ಕಾಯಲಿಲ್ಲ. ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಬಿಸಿ ಬೋಂಡವನ್ನು ಬಾಯಲ್ಲಿಟ್ಟುಕೊಂಡು ಕೂತಂತೆ, ಎಲ್ಲಾದರೂ ಉಗುಳಲೇಬೇಕು.

ಹುಚ್ಚ ಬ್ಯಾಂಕಿನಿಂದ ಹೊರಬೀಳುವಷ್ಟರಲ್ಲಿ ಅವನ ಕಪ್ಪುಹಣ ಅವನಿಗಿಂತ ಮುಂದೆ ಪೇಟೆ ಸುತ್ತುತ್ತಿತ್ತು. ಬ್ಯಾಂಕಿನ ಮೆಟ್ಟಿಲ ಮೇಲೆ ಲಕ್ಷಗಳಲ್ಲಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ ಕೋಟಿಯಾಗಿ, ಮೀನು ಮಾರ್ಕೆಟ್ ಮುಟ್ಟುವಾಗ ದುಬೈಗೆ ಹೋಗಿ ಬಂದಾಗಿತ್ತು.

ದಾರಿಯಲ್ಲಿ ಹೂವು ಮಾರುವ ಮುರಿಗೆವ್ವ, ಅವನ ಹಳೇ ಟಯರು ದಾರಿಗೆ ಅಡ್ಡವೆಂದು ದಿನಾ ಜಗಳ ತೆಗೆಯುವವಳು, ಎದ್ದು ನಿಂತಳು.

"ಬರ್ರಿ ಹುಚ್ಚಪ್ಪಾರ. ಬಿಸಲಾಗ ಯಾಕ ನಡಕೋತ ಹೊಂಟೀರಿ? ಈ ಮಲ್ಲಿಗಿ ಮನ್ಯಾಗ ಕೊಡ್ರಿ."

"ನನ್ನ ಹತ್ರ ಈಗ ಒಂದು ಕಾಸೂ ಇಲ್ಲ ಮುರಿಗೆವ್ವಾ."

"ದೊಡ್ಡವರು ಹಂಗ ಅಂತಾರ್ರಿ" ಎಂದು ಅವಳು ಇನ್ನೂ ಒಂದು ಮೊಳ ಸೇರಿಸಿದಳು.

ಹುಚ್ಚ ನಿಜ ಹೇಳಿದಷ್ಟೂ ಅವನ ಸಂಪತ್ತು ಬೆಳೆಯಿತು. ತನ್ನದೇನೂ ಇಲ್ಲವೆಂದು ಆಣೆ ಹಾಕಿದ. ಪಕ್ಕಾ ಆಸಾಮಿ, ಬಾಯಿ ಬಿಡುವುದಿಲ್ಲ ಎಂದು ಜನ ತಲೆದೂಗಿದರು. ಉದ್ರಿ ಎಂದರೆ ಫೋನಿಡುತ್ತಿದ್ದ ಶಿರಸಿಯ ಟಯರ್ ವ್ಯಾಪಾರಿ ತಾನಾಗಿಯೇ ಫೋನ್ ಮಾಡಿ, "ಮಾಲು ಕಳಿಸ್ತೆ ಹುಚ್ಚಪ್ಪಾ. ದುಡ್ಡು ಎಲ್ಲಿ ಹೋಗ್ತದೆ, ಬರ್ತದೆ" ಎಂದ.

ಮಧ್ಯಾಹ್ನದ ಹೊತ್ತಿಗೆ ಹುಚ್ಚನಿಗೆ ಅಲ್ಲಗಳೆದು ಸಾಕಾಯಿತು. ಅಷ್ಟಕ್ಕೂ ಹುಟ್ಟಿದಾಗಿನಿಂದ ಯಾರೂ ಅವನನ್ನು ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ಊಟ ಮುಗಿಸಿ ಬಂದವನು ಯಾರು ಏನೇ ಕೇಳಿದರೂ ಮುಗುಳ್ನಕ್ಕು ಆಕಾಶ ನೋಡತೊಡಗಿದ.

ಅವತ್ತು ಸಂಜೆ ವರ್ತಕರ ಸಂಘದ ವಾರ್ಷಿಕ ಸಭೆ. ಹುಚ್ಚ ಅದರ ಸದಸ್ಯ. ಆದರೆ ಪ್ರತಿ ವರ್ಷ ಕುರ್ಚಿ ಹೊತ್ತು ತಂದು ಹಾಕಿ, ತಾನು ಬಾಗಿಲ ಬಳಿ ನಿಲ್ಲುವ ಸದಸ್ಯ. ಅಧ್ಯಕ್ಷ, ಹಾರ್ಡ್‌ವೇರ್ ಅಂಗಡಿಯ ಉಲ್ಲಾಸ. ಹಲಸಿನ ಮೇಣದಂತೆ ಕುರ್ಚಿಗೆ ಅಂಟಿಕೊಂಡವನು. ಅಂಥ ಉಲ್ಲಾಸ ತನ್ನ ಕಾರನ್ನು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ ಬಾಗಿಲು ತೆಗೆದ.

"ಹತ್ತಿ ಹುಚ್ಚಪ್ಪಾ. ಇವತ್ತು ನಾನು ಕುರ್ಚಿ ಬಿಡುವವ. ನೀವೇ ಅಧ್ಯಕ್ಷರಾಗಬೇಕು."

"ನಾನು ಎಂತಕ್ಕೆ ಉಲ್ಲಾಸಣ್ಣಾ?"

"ಇನ್ನು ಮುಂದೆ ಸಂಘಕ್ಕೆ ನಿಮ್ಮಂಥ ಅನುಭವ ಇದ್ದವರು ಬೇಕು. ಪೊಲೀಸು, ನೋಟೀಸು ಅಂದ್ರೆ ಹೆದರದವರು."

ಸಭೆಯಲ್ಲಿ ಉಲ್ಲಾಸ ಹೆಸರು ಸೂಚಿಸಿದ, ಬದ್ರುದ್ದೀನ್ ಅನುಮೋದಿಸಿದ, ವಿರೋಧಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹುಚ್ಚನ ಕೊರಳಿಗೆ ಏಲಕ್ಕಿ ಹಾರ ಬಿತ್ತು. ಮಲ್ಲಿಗೆ ಮುಡಿದ ಹೆಂಡತಿ ದೇವಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಉಲ್ಲಾಸ ಸಂಘದ ಮೊಹರು, ಚೆಕ್ ಪುಸ್ತಕ ಎಲ್ಲ ಕೈಗಿತ್ತು, "ಇಲ್ಲೊಂದು ಸಹಿ, ಇಲ್ಲೊಂದು" ಎಂದು ಮುಹೂರ್ತ ಮೀರುತ್ತಿರುವ ಪುರೋಹಿತನ ಅವಸರದಲ್ಲಿ ಸಹಿ ಮಾಡಿಸಿಕೊಂಡ. ಹುಚ್ಚ ಎಲ್ಲದಕ್ಕೂ ಚಂದವಾಗಿ, ಪೂರ್ತಿ ಹೆಸರು ಬರೆದ.

ಆಮೇಲೆ ಹುಚ್ಚನ ಭಾಷಣ. "ಮೊದಲನೇದಾಗಿ, ಪೇಟೆಯ ಮೂತ್ರಿಖಾನೆಗೆ ಹೊಸ ಬಾಗಿಲು ಕೂರಿಸ್ತೆ" ಎಂದ. ಯಾವ ಅಧ್ಯಕ್ಷನೂ ಇಷ್ಟು ನೇರವಾಗಿ ಮಾತಾಡಿರಲಿಲ್ಲ. ಚಪ್ಪಾಳೆಗೆ ಮಾಡಿನ ಪಾರಿವಾಳಗಳು ಹಾರಿದವು.

ಆಗಲೇ ಫೋನ್ ಬಂತು. ಸೈಬರ್ ಠಾಣೆಯ ಸಾಹೇಬರು.

"ನಿಮ್ಮ ಅರ್ಜಿ ನೋಡಿದ್ವಿ ಹುಚ್ಚ ಅವರೇ. ಒಬ್ಬ ಕಳ್ಳ ನಿಮ್ಮಲ್ಲಿ ಪಂಕ್ಚರ್ ಹಾಕಿಸಿ ಎಂಬತ್ತು ರೂಪಾಯಿ ಕಳಿಸ್ಯಾನ, ಅಷ್ಟ. ನಿಮ್ಮದೇನೂ ತಪ್ಪಿಲ್ಲ. ನಾಳೆಯಿಂದ ಖಾತೆ ನಡೀತದ."

'ಎಂಬತ್ತು' ಸಭೆಗೆ ಕೇಳಿಸದಂತೆ ಹುಚ್ಚ ಫೋನನ್ನು ಕಿವಿಗೆ ಒತ್ತಿಕೊಂಡ. ಖಾತೆಯೂ ಬಂತು, ಕುರ್ಚಿಯೂ ಬಂತು. ಅವನ ಎದೆ ಗಾಳಿ ತುಂಬಿದ ಲಾರಿ ಟ್ಯೂಬಿನಂತೆ ಉಬ್ಬಿತು.

"ಇನ್ನೊಂದು ಸಹಾಯ ಮಾಡ್ರಿ" ಎಂದರು ಸಾಹೇಬರು. "ನಿಮ್ಮೂರ ವರ್ತಕರ ಸಂಘದ ಅಧ್ಯಕ್ಷರು ಯಾರು, ಗೊತ್ತೇನು?"

ಹುಚ್ಚ ಹಾರ ಸರಿಮಾಡಿಕೊಂಡ. ಕೊನೆಯ ಸಾಲಿಗೂ ಕೇಳುವಂತೆ, "ಅಧ್ಯಕ್ಷ ನಾನೇ ಸಾರ್" ಎಂದ.

"ಚಲೋ ಆತು. ಅಲ್ಲೇ ಇರ್ರಿ. ಆ ಕಳ್ಳರ ದುಡ್ಡೆಲ್ಲ ನಿಮ್ಮ ಸಂಘದ ಖಾತೆಯೊಳಗ ಹೊಕ್ಕು ಹೊರಗ ಬಂದದ. ಕೋಟಿ ದಾಟೇದ. ನಿಮ್ಮೂರ ಠಾಣೆಯಿಂದ ಜೀಪು ಹೊಂಟದ."

ಹುಚ್ಚ ತಿರುಗಿ ನೋಡಿದ. ಉಲ್ಲಾಸನ ಕುರ್ಚಿ ಖಾಲಿ. ಹೊರಗೆ ಕಾರು ಹೊರಟ ಸದ್ದು.

ಜೀಪು ಬಂದಾಗ ಸಭೆಯೆಲ್ಲ ಬಾಗಿಲಿಗೆ ಬಂತು. ಬದ್ರುದ್ದೀನ್ ಜನರನ್ನು ಸರಿಸಿ ದಾರಿ ಮಾಡಿದ. "ನೋಡಿ ಮತ್ತೆ. ಅಧ್ಯಕ್ಷರಾಗಿ ಇನ್ನೂ ಚಹ ಕುಡಿದಿಲ್ಲ, ಕರ್ಕೊಂಡು ಹೋಗ್ಲಿಕ್ಕೆ ಸರ್ಕಾರದ ಗಾಡಿ ಬಂತು."

ಪೊಲೀಸನೊಬ್ಬ ಹಿಂದಿನ ಬಾಗಿಲು ತೆಗೆದ. ಹುಚ್ಚ ಹಾರದ ಸಮೇತ, ಮೊಹರಿನ ಸಮೇತ ಹತ್ತಿ ಕುಳಿತ. ಮತ್ತೆ ಶುರುವಾದ ಚಪ್ಪಾಳೆ ನಿಲ್ಲಲೇ ಇಲ್ಲ. ಏನು ಮಾಡಬೇಕೆಂದು ತೋಚದೆ ಅವನು ಕಿಟಕಿಯಿಂದ ಎಲ್ಲರಿಗೂ ಕೈ ಬೀಸಿದ.